ಫಾರಂನಲ್ಲಿ ಹಿಡಿಯದ ದೊಡ್ಡಮ್ಮ

ಆ ದಿನಗಳಲ್ಲಿ ಎಜ್‌ಬಾಸ್ಟನ್ನಿನ ನಮ್ಮ ಬೀದಿಯ ತುಂಬ ಕಾಂಕರ್ ಎಂಬ ನುಣುಪು ಕಂದು ಕಾಯಿಗಳು ಮರಗಳಿಂದ ಉದುರುತ್ತಿದ್ದವು. ನಾನು ಬರೆಯಹೊರಟಿರುವ ಬಾಲ್ಯ ಹತ್ತು ವರ್ಷದ ಮೇದಿನಿಯದು. ಅದರ ಒಂದು ಶರತ್ಕಾಲ ನನ್ನ ಮನೆಯಲ್ಲಿ ಕಳೆಯಿತು. ನನ್ನ ಚಿಕ್ಕಪ್ಪನ ಮಗಳು ಸುಮಾ ಮತ್ತು ಅವಳ ಗಂಡ ಆಗಸ್ಟಿನಲ್ಲಿ ಒಂದು ವರ್ಷದ ಕೆಲಸಕ್ಕೆಂದು ದುಬೈಗೆ ಹೊರಟಾಗ, ಮಗಳು ಮೇದಿನಿಯ ಪ್ರೈಮರಿ ಶಾಲೆಯ ಕೊನೆಯ ವರ್ಷ ಕೆಡಬಾರದೆಂದು ಅವಳನ್ನು ನನ್ನಲ್ಲಿ ಬಿಟ್ಟರು. “ಅಕ್ಕ, ನೀನಿರೋವಾಗ ನಂಗೇನು ಚಿಂತೆ” ಎಂದಿದ್ದಳು ಸುಮಾ. ಆ ಮಾತು ನನಗೆ ಅಕ್ಷರಶಃ ನೆನಪಿದೆ.

ಮೇದಿನಿಯ ಕೋಟಿನ ಜೇಬಿನಲ್ಲಿ ಒದ್ದೆ ಎಲೆಯ ವಾಸನೆ, ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆಯದು. ಅವಲಕ್ಕಿ ತಿನ್ನುತ್ತ, ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಅವಳ ಕಾಯಿ ಕಾಂಕರ್, ನನ್ನದು ಹಳೆಯ ಕೋಟಿನ ಗುಂಡಿ.

“ದೊಡ್ಡಮ್ಮ, ಯು ಆರ್ ಚೀಟಿಂಗ್.”

“ಕನ್ನಡದಲ್ಲಿ ಬೈಯಿ, ಒಪ್ಕೋತೀನಿ.”

“ನೀನು... ಮೋಸದ ದೊಡ್ಡಮ್ಮ.”

ಒಪ್ಪಿಕೊಂಡೆ.

ಅಕ್ಟೋಬರಿನಲ್ಲಿ ಶಾಲೆಯ ಪ್ರವಾಸದ ಫಾರಂ ಬಂತು. ಸಂಬಂಧ ಎಂಬಲ್ಲಿ ‘ಆಂಟ್’ ಎಂದು ಬರೆದೆ. ಮಗುವಿನ ತಾಯಿ ನಿಮ್ಮ ಒಡಹುಟ್ಟಿದವರೇ ಎಂದು ಕಚೇರಿಯಾಕೆ ಕೇಳಿದರು. ನಮ್ಮ ತಂದೆಯರು ಒಡಹುಟ್ಟಿದವರು ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ‘ಆಂಟ್’ ಹೊಡೆದುಹಾಕಿ ‘ಕಸಿನ್’ ಎಂದು ಬರೆದರು. ಆ ಒಂದು ಗೀಟಿನಿಂದ ನಮ್ಮ ಚೌಕಾಬಾರ, ಅವಲಕ್ಕಿ ಎಲ್ಲವೂ ‘ಪ್ರೈವೇಟ್ ಫಾಸ್ಟರಿಂಗ್’ ಆಯಿತು. ಇಲ್ಲಿನ ಕಾನೂನಿಗೆ ತಂದೆತಾಯಿಯ ಒಡಹುಟ್ಟಿದವರು ಹತ್ತಿರದ ಬಂಧು, ಕಸಿನ್ ಅಲ್ಲ; ಹಾಗೆ ಹತ್ತಿರದ ಬಂಧುವಲ್ಲದವರ ಬಳಿ ಮಗು ಇಪ್ಪತ್ತೆಂಟು ದಿನ ಅಥವಾ ಹೆಚ್ಚು ಇರುವುದಾದರೆ ಆರು ವಾರ ಮೊದಲೇ ಕೌನ್ಸಿಲ್‌ಗೆ ತಿಳಿಸಬೇಕಂತೆ. ಆ ಹೊಣೆ ತಂದೆತಾಯಿಗೂ ಇತ್ತು, ನನಗೂ ಇತ್ತು. ನನ್ನ ಪಾಲಿನ ತಪ್ಪನ್ನು ನಾನು ಅಂದೇ ಒಪ್ಪಿದ್ದೇನೆ.

ಕೌನ್ಸಿಲ್‌ನಿಂದ ಬಂದ ಸೋಶಿಯಲ್ ವರ್ಕರ್ ಸಜ್ಜನೆ. ಮೇದಿನಿಯ ಕೋಣೆ ನೋಡಿದರು, ಅವಳೊಬ್ಬಳನ್ನೇ ಕೂರಿಸಿ ಮಾತನಾಡಿಸಿದರು, ತಡವಾದದ್ದಕ್ಕೆ ಮೆಲ್ಲಗೆ ಗದರಿದರು. ಮಗು ಇಲ್ಲಿರಲು ತೊಂದರೆ ಕಾಣದು, ಕಾಗದ ಬರುತ್ತದೆ ಎಂದರು. ಆಮೇಲೆ ನನ್ನೆದುರೇ ಸುಮಾಗೆ ಫೋನ್ ಮಾಡಿದರು. ಹೆದರಿದ ಸುಮಾ ನನ್ನನ್ನು ‘ಡಿಸ್ಟೆಂಟ್ ರಿಲೇಟಿವ್’ ಎಂದಳು. ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಮುಂದಿನ ಶನಿವಾರ ದುಬೈಯಿಂದ ಬಂದ ಸುಮಾ ಬಾಗಿಲಲ್ಲೇ ನಿಂತಳು.

“ಮೂವತ್ತು ವರ್ಷದಿಂದ ಇಲ್ಲಿದ್ದೀರಿ. ನಿಮಗೆ ರೂಲ್ಸ್ ಗೊತ್ತಿರ್ಬೇಕಿತ್ತು. ನಮ್ಮ ಹೆಸರು ಕೌನ್ಸಿಲ್‌ವರೆಗೂ ಹೋಯ್ತು.”

“ನಾನು ಯಾವಾಗಿಂದ ನಿಂಗೆ ‘ನೀವು’ ಆದೆ, ಸುಮಾ?”

ಅವಳು ಮೇದಿನಿಯ ಸೂಟ್‌ಕೇಸ್ ಎಳೆದುಕೊಂಡಳು. ಕಾರಿನ ಕಿಟಕಿಯಲ್ಲಿ ಮೇದಿನಿ ಮೊದಲು ತಾಯಿಯ ಮುಖ ನೋಡಿದಳು, ಆಮೇಲೆ ನನ್ನತ್ತ ಕೈಬೀಸಿದಳು.

“ಬೈ, ಆಂಟಿ.”

ಮಗು ನನ್ನಲ್ಲಿರಲು ಅಡ್ಡಿಯಿಲ್ಲವೆಂಬ ಕಾಗದ ಅದಾದ ನಾಲ್ಕನೆಯ ದಿನ ಬಂತು. ಅದನ್ನು ಅವಳ ಕಾಂಕರ್‌ಗಳಿದ್ದ ಡಬ್ಬಿಯಲ್ಲಿಟ್ಟೆ. ಕಾಯಿಗಳು ಈಗ ಸುಕ್ಕುಗಟ್ಟಿ, ಗುಂಡಿಗಳಿಗಿಂತ ಹಗುರಾಗಿವೆ. ಮೇದಿನಿ ಕಾಲೇಜು ಮುಗಿಸಿದ್ದಾಳೆ. ಯುಗಾದಿಗೆ ‘ಹಾಯ್ ಆಂಟಿ’ ಎಂದು ತಪ್ಪದೆ ಬರೆಯುತ್ತಾಳೆ. ಈ ದೇಶದಲ್ಲಿ ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದವಳು ಅವಳೊಬ್ಬಳೇ.