ನೀಲಿ ಬಂದ ಮಧ್ಯಾಹ್ನಗಳು

ನನ್ನ ನಾದಿನಿಗೆ ನಿಧಾನ ಎಂದರೆ ಮೈ ಉರಿಯುತ್ತಿತ್ತು. ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತೊಂದು, ನನಗೆ ಇಪ್ಪತ್ಮೂರು. ಸೀರೆಯ ಸೆರಗು, ಅಂಚುಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ ಗ್ರಾಫ್ ಮಾಡುವುದು ಅವಳ ಕೆಲಸ. ದೊಡ್ಡ ಸೆರಗು ತೆರೆದರೆ ಸಾಕು, ಕಂಪ್ಯೂಟರ್ ತೂಕಡಿಸುತ್ತಿತ್ತು. ಅವಳು ಯಾರನ್ನೂ ಕೇಳದೆ ಅದನ್ನು ಓವರ್‌ಕ್ಲಾಕ್ ಮಾಡಿಬಿಟ್ಟಳು. ಹಾಗೆಂದರೇನು ಎಂದು ಕೇಳಿದೆ.

"ಮೋಟರ್‌ಗೆ ದೊಡ್ಡ ಪುಲ್ಲಿ ಹಾಕಿದ್ರೆ ಮಗ್ಗ ಜೋರಾಗಿ ಓಡಲ್ವಾ ಅತ್ತಿಗೆ? ಹಂಗೆ."

"ಎಳೆ ಕಿತ್ತೋಗಲ್ವೇನೇ?"

"ಕಿತ್ತೋದ್ರೆ ನೋಡ್ಕೊಳ್ಳೋಣ ಬಿಡಿ."

ಕಿತ್ತುಹೋಗುವ ಹೊತ್ತಿಗೆ ಅವಳೇ ಇರಲಿಲ್ಲ. ದೇವನಹಳ್ಳಿಯಿಂದ ವಿಮಾನ ಹಾರಲು ಶುರುವಾದ ವರ್ಷ ಮದುವೆಯಾಗಿ ಹೊಸಕೋಟೆಗೆ ಹೋದಳು. ಕಂಪ್ಯೂಟರೂ ಗ್ರಾಫ್ ಕೆಲಸವೂ ನನ್ನ ಪಾಲಿಗೆ ಬಂದವು. ಹೋಗುವ ಮುನ್ನ ಡಿಲೀಟ್ ಕೀಗೆ ಜರಿಯ ತುಂಡೊಂದನ್ನು ಅಂಟಿಸಿದ್ದಳು. ಆನ್ ಆಗುವಾಗ ಅದನ್ನು ಒತ್ತಿದರೆ ವೇಗದ ಅಂಕಿ ಕಾಣುತ್ತದೆ, ಅಲ್ಲಿ ಸುಮ್ಮನೆ ಕೈಯಾಡಿಸಬೇಡಿ ಎಂದು ಹೇಳಿದ್ದಳು.

ಅವಳಿಲ್ಲದೆ ನನಗೆ ಆ ಮನೆ ಬಿಕೋ ಎನ್ನತೊಡಗಿತು. ಮಗ್ಗದ ಸದ್ದಿನ ನಡುವೆ ಬೆಳೆದವರು, ಎಲ್ಲರೂ ಕೂಗಿಯೇ ಮಾತಾಡುವವರು. ಮೆಲ್ಲಗೆ ಆಡುವ ಮಾತಿಗೆ ಅವಳೊಬ್ಬಳೇ ಇದ್ದದ್ದು. ಸುಮ್ಮಸುಮ್ಮನೆ ಫೋನ್ ಮಾಡುವಂತೆಯೂ ಇರಲಿಲ್ಲ. ಅವಳ ಗಂಡನ ಮನೆಯ ಫೋನ್ ನಡುಮನೆಯಲ್ಲಿತ್ತು, ಎತ್ತುತ್ತಿದ್ದವರು ಅವಳ ಅತ್ತೆ. ತವರಿನಿಂದ ಪದೇ ಪದೇ ಫೋನ್ ಬಂದರೆ ಆಕೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಹೋಗಿ ನೋಡೋಣವೆಂದರೆ ದೇವನಹಳ್ಳಿಯಲ್ಲಿ ಬಸ್ ಬದಲಿಸಬೇಕು, ಆ ಕಡೆಯ ರಸ್ತೆಯನ್ನೆಲ್ಲ ಅಗೆದುಹಾಕಿದ್ದರು.

ಆಗ ನೀಲಿ ಬಂತು. ಸೆರಗಿನ ನವಿಲಿಗೆ ಬಾಲ ತುಂಬುತ್ತಿದ್ದೆ. ಪರದೆ ಇದ್ದಕ್ಕಿದ್ದಂತೆ ಪೂರ್ತಿ ನೀಲಿಯಾಗಿ, ಬಿಳಿಯ ಇಂಗ್ಲಿಷ್ ಅಕ್ಷರ ತುಂಬಿಕೊಂಡು, ಕಂಪ್ಯೂಟರ್ ತಾನೇ ಆರಿ ತಾನೇ ಹತ್ತಿಕೊಂಡಿತು. ಊಟಕ್ಕೆ ಮಗ್ಗ ನಿಂತಾಗ ಹೊಸಕೋಟೆಗೆ ಫೋನ್ ಮಾಡಿದೆ. ಕೆಲಸದ ವಿಷಯ ಎಂದ ಕೂಡಲೇ ಅತ್ತೆಯ ದನಿ ಬದಲಾಯಿತು. "ಬಾಮ್ಮಾ, ನಿಮ್ಮತ್ತಿಗೆ ಕಂಪ್ಯೂಟರ್ ಕೆಟ್ಟೋಗೈತಂತೆ!" ಎಂದು ಸೊಸೆಯನ್ನು ಕರೆದರು. ಡಾಕ್ಟರನ್ನು ಕರೆಯುವಷ್ಟು ಗೌರವವಿತ್ತು ಆ ದನಿಯಲ್ಲಿ.

"ಒಂದ್ಸಲಕ್ಕೆ ಒಂದೇ ಬದಲಾಯ್ಸಿ ಅತ್ತಿಗೆ," ಎಂದಳು ಅವಳು. "ಎರಡು ಮಾಡಿದ್ರೆ ಯಾವ್ದರಿಂದ ಸರಿಹೋಯ್ತು ಅಂತ್ಲೇ ಗೊತ್ತಾಗಲ್ಲ."

ಒಂದು ದಿನ ಫ್ಯಾನಿಗೆ ಸುತ್ತಿಕೊಂಡಿದ್ದ ರೇಷ್ಮೆ ಎಳೆಗಳನ್ನು ತೆಗೆಸಿದಳು. ಇನ್ನೊಂದು ದಿನ ರ್‍ಯಾಮ್ ಕಿತ್ತು ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿಸಿದಳು. ಮಗ್ಗ ಓಡುವಾಗ ಕರೆಂಟು ಕುಗ್ಗುತ್ತದೇನೋ ಎಂದು ಮಗ್ಗ ನಿಂತಾಗಲೂ ನೋಡಿದೆವು. ಪ್ರತಿ ಸಲವೂ ಕೊನೆಗೆ ಟೆಸ್ಟ್. ಕಂಪ್ಯೂಟರಿಗೆ ಮೈತುಂಬ ಕೆಲಸ ಕೊಟ್ಟು, ನೀಲಿ ಬರುತ್ತದೋ ಇಲ್ಲವೋ ಎಂದು ಅರ್ಧ ಗಂಟೆ ಕಾಯುವುದು. "ಟೆಸ್ಟ್ ಮುಗಿಯೋ ತನಕ ಫೋನ್ ಇಡ್ಬೇಡಿ," ಎನ್ನುತ್ತಿದ್ದಳು. ಆ ಅರ್ಧ ಗಂಟೆಯಲ್ಲಿ ಅಲ್ಲಿನವರು ಸಾರಿಗೆ ಹಾಕುವ ಬೆಲ್ಲದಿಂದ ಹಿಡಿದು, ಬಟ್ಟೆ ಒಣಗಿಸುವಾಗ ಅವಳು ಒಬ್ಬಳೇ ಅತ್ತದ್ದರವರೆಗೆ ಎಲ್ಲವೂ ಬರುತ್ತಿತ್ತು. ಅತ್ತೆ ಹತ್ತಿರ ಸುಳಿದರೆ, "ರ್‍ಯಾಮ್ ಗಟ್ಟಿಯಾಗಿ ಒತ್ತಿದ್ರಾ?" ಎಂದು ಗಂಟಲೇರಿಸುವಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಕೊನೆಗೊಂದು ದಿನ ಜರಿಯ ಕೀ ಒತ್ತಿಸಿ, ಇನ್ನೂರ ನಲವತ್ತು ಇದ್ದ ವೇಗವನ್ನು ಇನ್ನೂರ ಮೂವತ್ತಕ್ಕೆ ಇಳಿಸಲು ಹೇಳಿದಳು. ನೀಲಿ ನಿಂತೇಹೋಯಿತು. ಒಂದು ತಿಂಗಳು ಆ ಡಬ್ಬ ಕಮಕ್ ಕಿಮಕ್ ಎನ್ನಲಿಲ್ಲ. ಅದರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಜರಿಯ ಕೀ ಒತ್ತಿ, ಮತ್ತೆ ಇನ್ನೂರ ನಲವತ್ತಕ್ಕೆ ಏರಿಸಿದೆ. ಮರುದಿನವೇ ನೀಲಿ ಬಂತು, ನಾನು ಫೋನಿನ ಕಡೆ ಓಡಿದೆ.

ಹೀಗೆ ಎರಡು ಮೂರು ತಿಂಗಳು ನಡೆಯಿತು. ಅವಳು ಹೇಳಿದ್ದನ್ನೆಲ್ಲ ಮಾಡುತ್ತಿದ್ದೆ, ಆ ಅಂಕಿಯ ಸುದ್ದಿಯನ್ನು ಮಾತ್ರ ಎತ್ತುತ್ತಿರಲಿಲ್ಲ. ಒಂದು ಸಲ ಎರಡು ದಿನ ಕೂತು ಮಾಡಿದ ಸೆರಗು ಪೂರ್ತಿ ಹೋಯಿತು. ನನ್ನ ಗಂಡ ರೇಗಿದರು. "ಗೌರಿ ಹಬ್ಬಕ್ಕೆ ಬರ್ತಾಳಲ್ಲ, ಅವಳೇ ಕೂತು ನೋಡ್ಲಿ. ಆಗಲ್ಲ ಅಂದ್ರೆ ಗುಜರಿಗೆ ಹಾಕಿ ಹೊಸದು ತರ್ತೀನಿ." ಹೊಸದು ಬಂದರೆ ನೀಲಿ ಇಲ್ಲ, ನೀಲಿ ಇಲ್ಲದಿದ್ದರೆ ಅವಳೂ ಇಲ್ಲ.

ಹಬ್ಬಕ್ಕೆ ಬಂದಳು. ಅವಳು ಬರುವಷ್ಟರಲ್ಲಿ ಅಂಕಿ ಇಳಿಸಿಡಬೇಕೆಂದುಕೊಂಡಿದ್ದವಳು ಒಬ್ಬಟ್ಟಿನ ಗಡಿಬಿಡಿಯಲ್ಲಿ ಮರೆತಿದ್ದೆ. ಬಾಗಿನ ಮುಗಿಯುತ್ತಲೇ ನನ್ನ ಗಂಡ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಜರಿಯ ಕೀ ಒತ್ತಿದಳು. ಇನ್ನೂರ ನಲವತ್ತು. ಅವಳು ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಸೆರಗಿನ ಅಂಚು ಹಿಸುಕುತ್ತಾ ನೆಲ ನೋಡಿದೆ.

"ಏನಂತೆ?" ಎಂದರು ಅವಳಣ್ಣ.

"ಹಳೇ ಮಿಷಿನ್ ಅಲ್ವಾ ಅಣ್ಣಾ, ಆಗಾಗ ಕೈ ಕೊಡುತ್ತೆ. ಹೊಸದೇನೂ ಬೇಡ. ಅತ್ತಿಗೆ ಫೋನ್ ಮಾಡ್ತಾ ಇರ್ಲಿ, ನಾನ್ ಹೇಳ್ತೀನಿ."

ಅವರು ಆಚೆ ಹೋದ ಮೇಲೆ ಅಂಕಿಯನ್ನು ಇನ್ನೂರ ಮೂವತ್ತಕ್ಕೆ ಇಳಿಸಿದಳು. "ಮಾಡಿದ ಕೆಲ್ಸ ಯಾಕೆ ಹಾಳ್ಮಾಡ್ಕೋತೀರಾ? ನೀಲಿ ಬಂತು ಅಂತ ಬಾಯಲ್ಲಿ ಹೇಳಿದ್ರೆ ಸಾಕು," ಎಂದಳು ಮೆಲ್ಲಗೆ. ಕುರ್ಚಿಯಿಂದ ಏಳುತ್ತಾ, "ಆ ಟೆಸ್ಟೂ ಅಷ್ಟೇ. ಹತ್ತು ನಿಮಿಷ ಸಾಕಿತ್ತು ಅತ್ತಿಗೆ," ಎಂದಳು. ಇಬ್ಬರಿಗೂ ಕಣ್ಣು ತುಂಬಿ ಬಂತು.

ಆ ಕಂಪ್ಯೂಟರ್ ಗುಜರಿ ಸೇರಿ ಎಷ್ಟೋ ವರ್ಷವಾಯಿತು. ಈಗ ಇಬ್ಬರ ಕೈಯಲ್ಲೂ ಮೊಬೈಲಿದೆ, ಕೇಳುವವರೂ ಇಲ್ಲ, ತಡೆಯುವವರೂ ಇಲ್ಲ. ಆದರೂ ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ ಎನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ಆ ಅರ್ಧ ಗಂಟೆಗಳಿಗಾಗಿ ನನ್ನ ಜೀವ ಈಗಲೂ ಹಂಬಲಿಸುತ್ತದೆ.

ಮೊನ್ನೆ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ದನಿ ಯಾಕೋ ಸಣ್ಣಗಿತ್ತು.

"ಅತ್ತಿಗೆ, ನೀಲಿ ಬಂತಾ?"

"ಬಂತು ಕಣೇ," ಎಂದೆ. "ಟೆಸ್ಟ್ ಹಾಕಿದೀನಿ. ಫೋನ್ ಇಡ್ಬೇಡ."