ಗೆದ್ದರೆ ಆಟ, ಸೋತರೆ ಅಭ್ಯಾಸ

ನನ್ನ ದಿನಚರಿಯಲ್ಲಿ ಯಾರಿಗೂ ತೋರಿಸಬಾರದ ಕೆಲವು ಪುಟಗಳಿವೆ. ಪ್ರೇಮದ ವಿಷಯ ಎಂದುಕೊಂಡರೆ ನಿಮಗೆ ನಿರಾಶೆಯಾದೀತು. ಅವು ನಮ್ಮ ಬಡಾವಣೆಯಾದ ಪಾರ್ಕ್‌ಲ್ಯಾಂಡ್ಸಿನ ಬಚುಭಾಯಿಯವರ ವಿಡಿಯೊ ಕ್ಯಾಸೆಟ್ ಅಂಗಡಿಯ ಹಿಂಭಾಗದಲ್ಲಿ ನಾನು ಆಡಿದ ಹೊಡೆದಾಟಗಳ ಲೆಕ್ಕ. ಹೊಡೆದಾಟ ಎಂದರೆ ಪರದೆಯ ಮೇಲಿನದು: ಆಳೆತ್ತರದ ಪೆಟ್ಟಿಗೆ, ಇಬ್ಬರಿಗೆ ಎರಡು ಹಿಡಿಕೆ, ಒಂದಷ್ಟು ಗುಂಡಿ, ಗಾಜಿನೊಳಗೆ ಇಬ್ಬರು ಜಟ್ಟಿಗಳು. ಪ್ರತಿ ಆಟಕ್ಕೂ ತಾರೀಖು, ಎದುರಾಳಿಯ ಹೆಸರು, ಫಲಿತಾಂಶ ಬರೆದು, ಕೊನೆಯಲ್ಲಿ ‘ಸೋಲಿಗೆ ಕಾರಣ’ ಎಂಬ ಕಾಲಮ್ಮು ಎಳೆದಿದ್ದೆ. ಹಿಡಿಕೆ ಸಡಿಲ, ಬೆರಳಿಗೆ ಭಜಿಯಾ ಎಣ್ಣೆ, ಹೊರಗೆ ಮಟಾಟು ಬಸ್ಸಿನ ಹಾರ್ನು, ಎಡಗಡೆ ನಿಲ್ಲಬೇಕಾಯಿತು ಎಂದೆಲ್ಲ ಅಲ್ಲಿದೆ. ‘ಚೆನ್ನಾಗಿ ಆಡಲಿಲ್ಲ’ ಎಂಬುದು ಒಂದು ಕಡೆಯೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಕೆ ಅಂದು ಸುಮ್ಮನಾದಳು. ನಾನು ತಾರೀಖು ಹಾಕಿ ಬರೆದಿಟ್ಟೆ.

ಬೇರೆಯವರ ತಪ್ಪು ಹಿಡಿಯುವುದರಲ್ಲಿ ಮಾತ್ರ ನಾನು ಪಳಗಿದವನು. ಎರಡು ಪೆಟ್ಟು ಬಿದ್ದ ಕೂಡಲೇ ಹೆದರಿ ಮೇಲಕ್ಕೆ ಹಾರುವ ಎಷ್ಟೋ ಜನರನ್ನು ನೋಡಿದ್ದೇನೆ. ಹಾರಿದವನು ಇಳಿಯಲೇಬೇಕು, ಎಲ್ಲಿ ಇಳಿಯುತ್ತಾನೆಂಬುದು ಎದುರಾಳಿಗೆ ಮೊದಲೇ ಗೊತ್ತು. ಹಿಂದೆ ನಾಲ್ಕು ಜನ ನೋಡುತ್ತಿದ್ದರೆ ಸಾಕು, ಕೈಗೆ ಕೂತ ಸಾದಾ ಒದೆತವನ್ನು ಬಿಟ್ಟು, ಹತ್ತು ಸಲಕ್ಕೊಮ್ಮೆ ಬರುವ ಬೆಂಕಿಯ ಪಟ್ಟನ್ನೇ ಹಾಕಲು ಹೋಗುವವರಿದ್ದಾರೆ. ಗೆಲುವಿಗೆ ಇನ್ನೊಂದೇ ಏಟು ಎಂದಾಗ ಕೈ ಅಡ್ಡ ಹಿಡಿಯುವುದನ್ನು ಮರೆಯುವವರಂತೂ ಎಲ್ಲರೂ. ಇದು ಮದುವೆ ಮಾತುಕತೆಗೂ ಸಲ್ಲುತ್ತದೆ ಎಂದು ನನ್ನ ಅಮ್ಮನ ಅಭಿಪ್ರಾಯ. ಇವೆಲ್ಲ ಸರಿಯಾದ ಮಾತುಗಳೇ. ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪನ್ನು ಕಂಡುಹಿಡಿದ ಕೀರ್ತಿ ನನ್ನದು, ಏಕೆಂದರೆ ಅದನ್ನು ಮಾಡಿದವನೂ ನಾನೇ. ನಮ್ಮ ಕೆಳಗಿನ ಮನೆಯ ಪ್ರಿಸಿಲ್ಲಾ ಮಂಗಳೂರಿನಿಂದ ಬಂದು ನಾಲ್ಕು ವರ್ಷವಾದ ಹುಡುಗಿ, ನನ್ನದೇ ವಯಸ್ಸು. ಒಂದು ಮಧ್ಯಾಹ್ನ ಅವಳಿಗೆ ಸಾಲಾಗಿ ಮೂರು ಆಟ ಸೋತೆ. ಪುಟದ ಅಂದ ಕೆಟ್ಟಿತು. ಆಗ ಹೊಳೆದದ್ದು ‘ಅಭ್ಯಾಸ’ ಎಂಬ ಹೊಸ ವಿಭಾಗ. ನಿಯಮ ಸರಳ: ಗೆದ್ದರೆ ಅದು ಆಟ, ಸೋತರೆ ಅಭ್ಯಾಸ. ಅಭ್ಯಾಸವನ್ನು ಒಟ್ಟು ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಲ್ಲಿಂದ ನನ್ನ ಪ್ರಗತಿ ಕಣ್ಣು ಕುಕ್ಕುವಂತೆ ಸಾಗಿತು. ಜುಲೈ ಕೊನೆಗೆ ಅರವತ್ತಮೂರು ಗೆಲುವು, ಒಂಬತ್ತು ಸೋಲು, ಅವೂ ನಿಯಮಕ್ಕೆ ಮುಂಚಿನವು. ಅಭ್ಯಾಸ ಐವತ್ತೆಂಟು.

ಇಂಥ ಲೆಕ್ಕ ಯಾರ ಕಣ್ಣಿಗೂ ಬೀಳದಿದ್ದರೆ ಅಪಾಯವಿಲ್ಲ. ಆದರೆ ಆಗಸ್ಟ್ ರಜೆ ಶುರುವಾಗುತ್ತಲೇ ಬಚುಭಾಯಿಯವರು, ಪಕ್ಕದ ಬಡಾವಣೆ ನ್ಗಾರಾದಲ್ಲಿ ಅಂಗಡಿಯಿಟ್ಟಿದ್ದ ಅವರ ಸೋದರಸಂಬಂಧಿ, ಇಬ್ಬರೂ ಸೇರಿ ಒಂದು ಹೊಸ ಆಟದ ಯಂತ್ರ ತರಿಸಿದರು. ಅದು ಯಾರ ಅಂಗಡಿಯಲ್ಲಿರಬೇಕು ಎಂದು ಜಗಳವಾಗಿ, ಕೊನೆಗೆ ಯಂತ್ರವೇ ತೀರ್ಮಾನಿಸಲಿ ಎಂದಾಯಿತು: ಎರಡು ಕಡೆಯಿಂದ ಒಬ್ಬೊಬ್ಬರು, ಐದು ಆಟ, ಗೆದ್ದ ಅಂಗಡಿಗೆ ಯಂತ್ರ. ಬಚುಭಾಯಿಯವರು ಇಂಗ್ಲಿಷು, ಹಿಂದಿ, ಸ್ವಾಹಿಲಿ ಮೂರನ್ನೂ ಕಲಸಿ ಹೇಳಿದ್ದನ್ನು ಕನ್ನಡಕ್ಕಿಳಿಸಿದರೆ ಹೀಗೆ: “ನಿನ್ನ ಪುಸ್ತಕದಲ್ಲಿ ಎಲ್ಲ ಇದೆಯಲ್ಲ ರಘು. ಯಾರು ಜಾಸ್ತಿ ಗೆದ್ದಿದ್ದಾರೋ ಅವರೇ ಆಡಲಿ.” ಪುಟ ತಿರುಗಿಸಿದೆ. ಜಾಸ್ತಿ ಗೆದ್ದವನು ನಾನೇ.

ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಅಪ್ಪ ಕನ್ನಡಕ ಏರಿಸಿಕೊಂಡು, ನನ್ನನ್ನು ಕೇಳದೆಯೇ ಪುಸ್ತಕ ತೆರೆದರು. ಮೇಷ್ಟ್ರ ಕೆಲಸದವರಿಗೆ ಯಾರ ಪುಸ್ತಕವಾದರೂ ಉತ್ತರಪತ್ರಿಕೆಯೇ.

“ಲೆಕ್ಕ ಚೆನ್ನಾಗಿ ಇಟ್ಟಿದೀಯ ಕಣೋ. ಆದ್ರೆ ‘ಆಟ’ದ ಕಡೆ ಈ ಮೂರು ಹೆಸರೇ ಯಾಕೆ ಮತ್ತೆ ಮತ್ತೆ ಬರ್ತವೆ?”

“ಅವರು ಯಾವಾಗ್ಲೂ ಸಿಗ್ತಾರಪ್ಪ.”

“ಸಿಗ್ತಾರೋ, ಸೋಲ್ತಾರೋ?”

ಆಮೇಲೆ ಅವರು ಮೈಸೂರಿನ ಗರಡಿಗಳ ಕಥೆಗೆ ಇಳಿದರು. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನ ಒಂದಿರುತ್ತದಂತೆ. ಹಿರಿಯರು ಕೂತು, ಪೈಲ್ವಾನರ ಮೈಕಟ್ಟು, ಪಳಗಿದ್ದೆಷ್ಟು ಎಂಬುದನ್ನೆಲ್ಲ ನೋಡಿ, ಯಾರಿಗೆ ಯಾರು ಎಂದು ನಿರ್ಧರಿಸುತ್ತಾರೆ. ಈ ಪದ್ಧತಿಯ ಹಿಂದಿನ ವಿವೇಕ ನನಗೆ ಉಪ್ಪಿಟ್ಟಿನ ಮುಂದೆ ಹೊಳೆಯಿತು. ಎದುರಾಳಿಯನ್ನು ತಾನೇ ಆರಿಸಿಕೊಳ್ಳಲು ಬಿಟ್ಟರೆ ಯಾವ ಮನುಷ್ಯನೂ ಜೀವಮಾನವಿಡೀ ಅಜೇಯನಾಗಿಯೇ ಉಳಿಯಬಲ್ಲ.

ನ್ಗಾರಾದ ಪರವಾಗಿ ಆಡುವವನು ಒಟಿಯೆನೊ ಎಂಬ ಕಾಲೇಜು ಹುಡುಗ. ಅವನ ಹೆಸರು ನನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವನು ಪಾರ್ಕ್‌ಲ್ಯಾಂಡ್ಸಿಗೆ ಬಂದಾಗಲೆಲ್ಲ ನನಗೆ ಟ್ಯೂಷನ್ ನೆನಪಾಗುತ್ತಿತ್ತು. ಆ ಶನಿವಾರ ಅವನ ಜೊತೆಯೇ ಆಡಿ ನೋಡೋಣವೆಂದು ಮಟಾಟು ಹತ್ತಿ ನ್ಗಾರಾಕ್ಕೆ ಹೋದೆ. ಅಂಗಡಿಯ ಒಳಗೆ ಕಾಲಿಟ್ಟರೆ, ಒಟಿಯೆನೊನ ಪಕ್ಕದಲ್ಲಿ ಪ್ರಿಸಿಲ್ಲಾ ಆಡುತ್ತಾ ನಿಂತಿದ್ದಾಳೆ! ಅವಳ ಅಮ್ಮನ ಬಟ್ಟೆ ಅಂಗಡಿ ಅದೇ ಬೀದಿಯಲ್ಲಿತ್ತು. ಪ್ರತಿ ಶನಿವಾರ ಅವಳು ಇಲ್ಲಿಗೆ ಬಂದು, ಇವನಿಗೆ ಸೋತು, ಅಮ್ಮನ ಜೊತೆ ಮನೆಗೆ ಹೋಗುತ್ತಿದ್ದಳಂತೆ. ಇದು ಎಷ್ಟೋ ತಿಂಗಳಿಂದ.

“ಕರಿಬು, ಬ್ವಾನಾ ಕಿತಾಬು,” ಎಂದು ಒಟಿಯೆನೊ ನನ್ನನ್ನು ಸ್ವಾಗತಿಸಿದ. ಪುಸ್ತಕದ ಸಾಹೇಬರು ಎಂಬ ನನ್ನ ಕೀರ್ತಿ ಆಗಲೇ ಇಲ್ಲಿಗೂ ಹಬ್ಬಿತ್ತು.

ಏಳು ಆಟ ಆಡಿದೆ. ಏಳನ್ನೂ ಸೋತೆ. ಪ್ರತಿ ಸಲವೂ ಅವನು ನನ್ನ ಭುಜ ತಟ್ಟಿ “ಪೋಲೆ” ಎನ್ನುತ್ತಿದ್ದ. ಪಾಪ, ಬೇಜಾರು ಮಾಡಿಕೊಳ್ಳಬೇಡ ಎಂದು ಅದರ ಅರ್ಥ. ಏಳನೆಯ ಪೋಲೆಯ ನಂತರ ಇಂಗ್ಲಿಷಿನಲ್ಲಿ ಸೌಮ್ಯವಾಗಿ ಹೇಳಿದ: “ನೀನು ಎರಡು ಪೆಟ್ಟು ಬಿದ್ದ ಕೂಡಲೇ ಹಾರುತ್ತೀ. ಪ್ರತಿ ಸಲ. ಯಾರೂ ಹೇಳಿಲ್ಲವೆ?”

ಹೇಳುವವರು ಯಾರು? ನನ್ನನ್ನು ಸೋಲಿಸಿದವರನ್ನು ನಾನು ಕೇಳಿದ್ದೇ ಇಲ್ಲ. ನನ್ನ ಮೂವರು ಖಾಯಂ ಎದುರಾಳಿಗಳಿಗೆ ಎರಡು ಪೆಟ್ಟು ಹಾಕುವಷ್ಟು ಕೈ ಇರಲಿಲ್ಲ.

ಪ್ರಿಸಿಲ್ಲಾ ಬಾಗಿಲಿಗೆ ಒರಗಿ ಕಡಲೆ ತಿನ್ನುತ್ತಿದ್ದಳು. “ಇದನ್ನು ಎಂತ ಅಂತ ಬರೆಯುವುದು ಮಾರಾಯ? ಅಭ್ಯಾಸವಾ?”

“ನಿನಗೆ ಹೇಗೆ ಗೊತ್ತು ಅದು?”

“ಪುಸ್ತಕ ಬಿಟ್ಟು ಭಜಿಯಾ ತರ್ಲಿಕ್ಕೆ ಹೋಗ್ತೀಯಲ್ಲ, ಗೊತ್ತಾಗದೆ ಉಂಟಾ? ಐವತ್ತೆಂಟರಲ್ಲಿ ಮೂವತ್ತು ನನ್ನದೇ.”

ಮನೆಗೆ ಬಂದು ಸ್ಕೇಲು, ಕೆಂಪು ಪೆನ್ನು ತೆಗೆದುಕೊಂಡು ಕೂತೆ. ಅಭ್ಯಾಸದ ಐವತ್ತೆಂಟನ್ನೂ ಸೋಲಿಗೆ ಸಾಗಿಸಿ, ಆ ದಿನದ ಏಳನ್ನು ಸೇರಿಸಿದೆ. ಅರವತ್ತಮೂರು ಗೆಲುವು, ಎಪ್ಪತ್ನಾಲ್ಕು ಸೋಲು. ಪುಟ ನೋಡಲು ಅಸಹ್ಯವಾಗಿತ್ತು. ಆದರೆ ಮೊದಲ ಸಲ ಅದರಲ್ಲಿ ಓದುವಂಥದ್ದೇನೋ ಇತ್ತು. ಬಚುಭಾಯಿಯವರ ಬಳಿ ಹೋಗಿ, ಆಡಬೇಕಾದವಳು ಪ್ರಿಸಿಲ್ಲಾ ಎಂದೆ.

“ಅವಳು ಒಟಿಯೆನೊಗೆ ಎಷ್ಟು ಸಲ ಸೋತಿದ್ದಾಳೆ?”

“ಲೆಕ್ಕವಿಲ್ಲದಷ್ಟು.”

“ಮತ್ತೆ?”

“ಅದಕ್ಕೇ.”

ಅವರು ಒಪ್ಪಿದರು.

ಭಾನುವಾರ ಮಧ್ಯಾಹ್ನ, ಹೊಸ ಯಂತ್ರ ಸದ್ಯಕ್ಕೆ ಇಳಿಸಿದ್ದ ಬಚುಭಾಯಿಯವರ ಅಂಗಡಿ ತುಂಬಿ ಹೊರಗೂ ಜನ ನಿಂತಿದ್ದರು. ಪ್ರಿಸಿಲ್ಲಾ ಎರಡು ಗೆದ್ದಳು, ಒಟಿಯೆನೊ ಎರಡು. ಐದನೆಯದರಲ್ಲಿ ಇಬ್ಬರಿಗೂ ಉಳಿದದ್ದು ಕೂದಲೆಳೆಯಷ್ಟು ಶಕ್ತಿ. ಅವಳು ಹಾರಲಿಲ್ಲ, ಬೆಂಕಿ ಉಗುಳಲಿಲ್ಲ, ಅಡ್ಡ ಹಿಡಿದ ಕೈ ಬಿಡಲಿಲ್ಲ. ನನ್ನ ಪಟ್ಟಿಯಲ್ಲಿರುವ ಒಂದು ತಪ್ಪನ್ನೂ ಮಾಡಲಿಲ್ಲ. ಆದರೂ ಸೋತಳು. ಕಾಲಿನ ಬುಡಕ್ಕೆ ಒಂದು ಸಾದಾ ಒದೆತ, ಅಷ್ಟೇ. ತಪ್ಪೇ ಮಾಡದವರೂ ಸೋಲುತ್ತಾರೆ ಎಂಬುದಕ್ಕೆ ನನ್ನಲ್ಲಿ ಯಾವ ವಿಭಾಗವೂ ಇರಲಿಲ್ಲ.

ಬಚುಭಾಯಿಯವರು ಕ್ಯಾಸೆಟ್ಟುಗಳ ಧೂಳು ಒರೆಸತೊಡಗಿದರು. ಹೊರಗೆ ಯಂತ್ರ ನ್ಗಾರಾಕ್ಕೆ ಒಯ್ಯಲು ಪಿಕಪ್ ವ್ಯಾನು ಹಿಂದೆ ಹಿಂದೆ ಬಂದು ನಿಂತಿತು. ಇಬ್ಬರು ಹಗ್ಗ ಹಿಡಿದು ಒಳಬಂದರು. ನಾನು ಪ್ಲಗ್ಗಿನತ್ತ ಬಗ್ಗಿದೆ.

“ಏ, ತೆಗೀಬೇಡ ಮಾರಾಯ!” ಎಂದಳು ಪ್ರಿಸಿಲ್ಲಾ. ಹಿಡಿಕೆಯಿಂದ ಅವಳ ಕೈ ಇನ್ನೂ ಕದಲಿರಲಿಲ್ಲ. ಒಟಿಯೆನೊನತ್ತ ತಿರುಗಿ, “ಒನ್ ಮೋರ್?”

ಒಟಿಯೆನೊ ವ್ಯಾನು ನೋಡಿದ, ಅವಳನ್ನು ನೋಡಿದ. “ಸವಾ,” ಎಂದು ಒಪ್ಪಿದ.

ಅದನ್ನೂ ಸೋತಳು. ಅದರ ಮುಂದಿನದನ್ನು ಗೆದ್ದು, ಒಂದು ಬೆರಳು ಎತ್ತಿ ತೋರಿಸಿ, ಇನ್ನೊಬ್ಬರಿಗೆ ಜಾಗ ಬಿಟ್ಟಳು. ಅಷ್ಟರಲ್ಲಿ ಒಟಿಯೆನೊನ ಎದುರು ಆಡಲು ಒಂದು ಸಾಲೇ ಬೆಳೆದಿತ್ತು. ಪಕ್ಕದ ಹಳೆಯ ಯಂತ್ರದ ಮುಂದೆ ನನ್ನ ಮೂವರು ಖಾಯಂ ಎದುರಾಳಿಗಳಲ್ಲೊಬ್ಬ ಖಾಲಿ ನಿಂತು ಕರೆದ, “ಬಾರೋ ರಘು, ಒಂದ್ ಕೈ!” ಆಮೇಲೆ ಬರುತ್ತೇನೆಂದು ಹೇಳಿ ಸಾಲಿನ ಕೊನೆಗೆ ಹೋದೆ. ಒಳ್ಳೆಯ ಸೋಲು ಸುಮ್ಮನೆ ಸಿಗುವುದಿಲ್ಲ, ಅದಕ್ಕೂ ಸರದಿ ಕಾಯಬೇಕು. ನನ್ನ ಮುಂದೆ ಆಗಲೇ ಆರು ಜನರಿದ್ದರು. ಅವರಲ್ಲಿಬ್ಬರ ಹೆಗಲ ಮೇಲೆ ಹಗ್ಗವಿತ್ತು.