ಫ್ಯಾಮಿಲಿ ಡಾಕ್ಟರ್‌ಗಳ ಸಂಘ ಹುಟ್ಟಿದ ಕತೆ

ನಮ್ಮ ಸಂಘಕ್ಕೆ ಬೋರ್ಡಿಲ್ಲ, ಕಚೇರಿಯಿಲ್ಲ. ಜಿದ್ದಾದ ಶರಫಿಯಾದಲ್ಲಿ ಒಂದು ಹೋಟೆಲಿನ ಮಹಡಿಯ ಮೂಲೆ ಮೇಜೇ ಅದರ ಸಭಾಂಗಣ. ಸದಸ್ಯರು ನಾಲ್ವರು, ನಾಲ್ವರೂ ಕರಾವಳಿಯಿಂದ ಬಂದ ಫ್ಯಾಮಿಲಿ ಡಾಕ್ಟರ್‌ಗಳು. ಅಂದರೆ ಹೃದಯದವರು, ಮೂಳೆಯವರು, ಕಣ್ಣಿನವರು ತಮ್ಮದಲ್ಲವೆಂದು ದಾಟಿಸಿದ್ದನ್ನೆಲ್ಲ ನೋಡುವವರು.

ಅಧ್ಯಕ್ಷರು ಕೆಲಸ ಮುಗಿಸಿ ಖಾಯಂ ಆಗಿ ಊರಿಗೆ ಹೊರಟಾಗ ಸಂಘದ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಅವರ ಕ್ಲಿನಿಕ್ಕಿಗೆ ಹೋಗಿ ರೋಗಿಗಳ ಕುರ್ಚಿಯಲ್ಲಿ ಕುಳಿತೆ. ಕುಟುಂಬ ವೈದ್ಯರ ಗೌರವ ಹೆಚ್ಚಿಸಬೇಕು, ಹೊಸ ಜ್ಞಾನ ಹಂಚಿಕೊಳ್ಳಬೇಕು ಎಂಬ ಘನ ಉದ್ದೇಶದಿಂದಲೇ ತಾವು ಸಂಘ ಕಟ್ಟಿದ್ದೆಂದು ಹೇಳಿದರು. ನಾನು ಗಂಭೀರವಾಗಿ ಬರೆದುಕೊಂಡೆ. ನಗು ತಡೆಯಲು ತುಟಿ ಕಚ್ಚಿ ಹಿಡಿಯಬೇಕಾಯಿತು.

ಯಾಕೆಂದರೆ ನಾಲ್ವರೂ ಊಟಕ್ಕೆ ಸೇರಿದ ಆ ಮೊದಲ ಶುಕ್ರವಾರ ನಾನೂ ಅಲ್ಲಿದ್ದೆ. ಬಿರಿಯಾನಿ ಬರುವ ಮೊದಲೇ ಅವರೊಂದು ಕೇಸ್ ಮುಂದಿಟ್ಟಿದ್ದರು. ತಮ್ಮಲ್ಲಿಗೆ ಬರುವ ಒಬ್ಬ ರೋಗಿ, ವಯಸ್ಸು ಐವತ್ತರ ಆಸುಪಾಸು. ಬಾಯಾರಿಕೆ, ಸುಸ್ತು, ತೂಕ ಇಳಿದಿದೆ. ರಕ್ತ ಪರೀಕ್ಷೆಗೆ ಮಾತ್ರ ಒಪ್ಪುವುದಿಲ್ಲ. ಕಾಯಿಲೆಯ ಸುದ್ದಿ ಕೆಲಸ ಕೊಟ್ಟ ಕಫೀಲನ ಕಿವಿಗೆ ಬಿದ್ದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಂದುವರಿಸಲಿಕ್ಕಿಲ್ಲ ಎಂಬ ಹೆದರಿಕೆ. ಇಷ್ಟು ಹೇಳುವಷ್ಟರಲ್ಲಿ ಅವರು ಜಗ್ಗಿನ ನೀರನ್ನೆಲ್ಲ ಒಬ್ಬರೇ ಖಾಲಿ ಮಾಡಿದ್ದರು. ಸಡಿಲವಾದ ಪ್ಯಾಂಟನ್ನು ಮೇಲೆಳೆದುಕೊಳ್ಳುತ್ತ ಎರಡು ಸಲ ಬಾತ್‌ರೂಮಿಗೂ ಹೋದರು.

ಎರಡನೇ ಸಲ ಹೋದಾಗ ನಾವು ಮೂವರು ಮುಖ ಮುಖ ನೋಡಿಕೊಂಡೆವು. ಶರಫಿಯಾದ ಅರ್ಧ ಜನರಿಗೆ ಬೈದು ಬೈದು ಚಹಾದ ಸಕ್ಕರೆ ಬಿಡಿಸಿದ್ದ ಮನುಷ್ಯನಿಗೇ ಶುಗರ್. ನೇರವಾಗಿ ಹೇಳಿದರೆ ಮಾನ ಹೋಯಿತೆಂದು ಮತ್ತೆ ನಮ್ಮ ಕಡೆ ತಲೆ ಹಾಕುವವರಲ್ಲ. ರಾಬಿಗ್ ಪಟ್ಟಣದಿಂದ ಬಂದಿದ್ದ ಡಾಕ್ಟರ್ ಒಂದು ಉಪಾಯ ಹೂಡಿದರು. ಕೇಸ್ ಬಹಳ ಜಟಿಲವಾಗಿದೆ, ಪ್ರತಿ ಶುಕ್ರವಾರ ಸೇರಿ ಚರ್ಚಿಸಬೇಕು, ಅದಕ್ಕೊಂದು ಸಂಘವೇ ಬೇಕು ಎಂದುಬಿಟ್ಟರು.

ಹೀಗೆ, ಮೆಡಿಕಲ್ ಓದುವ ಮಕ್ಕಳೂ ಅರೆ ನಿಮಿಷದಲ್ಲಿ ಹೇಳುವ ಕಾಯಿಲೆಯನ್ನು ನಾವು ವರ್ಷಗಟ್ಟಲೆ ಚರ್ಚಿಸಿದೆವು. ಹೊಸ ಗ್ಲುಕೋಮೀಟರ್ ನೋಡುವ ನೆಪದಲ್ಲಿ ಎಲ್ಲರೂ ಬೆರಳು ಚುಚ್ಚಿಸಿಕೊಂಡೆವು, ಅಧ್ಯಕ್ಷರದ್ದೇ ಮೊದಲು. ಅಂಕಿ ಏರಿದರೆ ಮೀಟರನ್ನು ಬೈದೆವು. ಆ ರೋಗಿಗೆ ಇಂಥ ಮಾತ್ರೆ ಕೊಟ್ಟು ನೋಡಿ ಎಂದರೆ, ಕೆಲವೇ ವಾರಗಳಲ್ಲಿ ಆ ರೋಗಿ ಸುಧಾರಿಸಿರುತ್ತಿದ್ದ.

ಚರಿತ್ರೆ ಬರೆದುಕೊಂಡು ಎದ್ದೆ. ನಮ್ಮ ರೋಗಿಗಳು ನಿಜವಾದ ಕಷ್ಟ ಹೇಳುವುದು ಹೊರಡುವಾಗ, ಬಾಗಿಲಿಗೆ ಕೈ ಹಾಕಿದ ಮೇಲೆ. ಇಲ್ಲಿ ಬಾಗಿಲಿಗೆ ಕೈ ಹಾಕಿದ್ದು ನಾನು, ಬಾಯಿ ಬಿಟ್ಟದ್ದು ಅವರು.

"ಮಾರಾಯ್ತಿ, ಆ ಮೊದಲಿನ ಕೇಸ್ ಉಂಟಲ್ಲ, ಅದು ನಾನೇ."

"ಗೊತ್ತುಂಟು ಡಾಕ್ಟ್ರೇ. ಮೂರು ಜನಕ್ಕೂ ಅವತ್ತೇ ಗೊತ್ತಾಗಿತ್ತು."

ಬಯ್ಯುತ್ತಾರೆಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸುತ್ತ ಕುಳಿತರು. ನಮಗೆ ಗೊತ್ತಿದೆಯೆಂದು ತಮಗೂ ಗೊತ್ತಿತ್ತಂತೆ.

"ಇನ್ನು ಊರಲ್ಲಿ ನನ್ನ ಕೇಸ್ ಚರ್ಚೆ ಮಾಡ್ಲಿಕ್ಕೆ ಯಾರಿದ್ದಾರೆ ಹೇಳು?"

ಇಷ್ಟು ವರ್ಷ ಎಷ್ಟೋ ಮನೆಗಳ ಡಾಕ್ಟರ್ ಆಗಿದ್ದವರಿಗೆ ತಮ್ಮದೇ ಒಬ್ಬ ಡಾಕ್ಟರ್ ಇಲ್ಲ. ಹೊಸಬರ ಎದುರು ಅವರು ಬೆರಳು ಚಾಚುವವರೂ ಅಲ್ಲ.

ಮುಂದಿನ ಶುಕ್ರವಾರ, ಅವರ ಕೊನೆಯ ಸಭೆಯಲ್ಲಿ, ನಾವು ಮೂವರು ಒಂದು ನಿರ್ಣಯ ತಂದೆವು. ಸಂಘಕ್ಕೆ ಅಧ್ಯಕ್ಷರ ಊರು ಉಡುಪಿಯಲ್ಲೊಂದು ಶಾಖೆ. ಸದ್ಯಕ್ಕೆ ಅಲ್ಲಿ ಸದಸ್ಯರು ಒಬ್ಬರೇ. ನಮ್ಮಲ್ಲಿ ಯಾರೇ ರಜೆಗೆ ಊರಿಗೆ ಹೋಗಲಿ, ಸ್ವಂತ ಮನೆಯ ಮೆಟ್ಟಿಲು ಹತ್ತುವ ಮೊದಲು ಅಲ್ಲೊಂದು ಸಭೆ ನಡೆಸತಕ್ಕದ್ದು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಲೇ ವಿರುದ್ಧವಾಗಿ ಕೈ ಎತ್ತಿದರು. ಒಂದರ ಎದುರು ಮೂರು ಮತಗಳಿಂದ ನಿರ್ಣಯ ಪಾಸಾಯಿತು.